ಇದಕ್ಕೆ ಅಡಾಪ್ಟರ್ ಇಲ್ಲ

ಹೆಲ್ದುರ್ ತಂದದ್ದು ಬಿಸ್ಕತ್ತಿನ ಡಬ್ಬಿ.
ತೆಗೆದರೆ ನಾಲ್ಕು ಕ್ಯಾಸೆಟ್ಟು, ಒಣಗಿದ ಒಂದು ಪೆನ್ನು,
ಕೊಪ್ಲಿ ಟ್ರಾಮಿನ ಹಳೇ ಟಿಕೆಟ್ಟು.
"ಎಲ್ಲಾ ಒಂದೇ ತಾನೆ, ಹಾಕಿ ತೋರಿಸಿಬಿಡು."

ಒಂದೇ ಅಲ್ಲ ತಾತ.
ಈ ದಪ್ಪನೆಯದು ವಿಎಚ್‌ಎಸ್-ಸಿ, ದೊಡ್ಡ ಕ್ಯಾಸೆಟ್ಟಿನ ತಮ್ಮ.
ಅಣ್ಣನ ಅಂಗಿ ತೊಡಿಸಿದರೆ ಸಾಕು,
ಅಣ್ಣನ ಮನೆಯೊಳಗೆ ಸಲೀಸಾಗಿ ನಡೆದುಬಿಡುತ್ತದೆ.
ಬೆಂಕಿಪೊಟ್ಟಣದಂಥದ್ದು ಮಿನಿ ಡಿವಿ.
ಇದರೊಳಗೆ ಇರುವುದು ಬರೀ ಸೊನ್ನೆ, ಒಂದು.
ಕೆಟ್ಟರೂ ಮಸುಕಾಗದು, ಚೌಕ ಚೌಕವಾಗಿ ಒಡೆಯುತ್ತದೆ
ಬೂಟುಗಾಲಲ್ಲಿ ತುಳಿದ ಮಂಜುಗಡ್ಡೆಯ ಹಾಗೆ.

ಉಳಿದೆರಡು ಎಂಟು ಮಿಲಿಮೀಟರಿನವು, ಅವಳಿಗಳು.
ಒಂದರ ಮೈಮೇಲೆ ಹೈ8 ಅಂತ ಅಚ್ಚು,
ಇನ್ನೊಂದರ ಮೇಲೆ ಪೆನ್ನಿನಲ್ಲಿ ಬರೆದ ಇಸವಿ, ಅಷ್ಟೆ.
ಹೊಸ ಯಂತ್ರಕ್ಕೆ ಹಳೆಯದರ ಮಾತು ಗೊತ್ತು
ಹಳೆಯದಕ್ಕೆ ಹೊಸದರ ಮಾತು ತಿಳಿಯದು.
ಅಜ್ಜಿಯೂ ನಾನೂ ಹೀಗೇ ಇದ್ದೆವು.
ಅಲ್ಲ, ತಿರುಗಾಮುರುಗಾ.

ಇವಕ್ಕೆ ಅಂಗಿ ಬದಲಿಸುವ ಉಪಾಯ ನಡೆಯದು.
ದಿನಾ ಯಾರಾದರೂ ಕೇಳುತ್ತಾರೆ, ಅಡಾಪ್ಟರ್ ಕೊಡಿ ಅಂತ.
ಇಲ್ಲ, ಇದಕ್ಕೆ ಅಡಾಪ್ಟರ್ ಹುಟ್ಟಲೇ ಇಲ್ಲ.
ಅದೇ ಕುಲದ ಕ್ಯಾಮೆರಾವೇ ಬೇಕು,
ನನ್ನಲ್ಲಿ ಉಳಿದಿರುವುದು ಒಂದು,
ಅದಕ್ಕೂ ಬೆಳಗಿನ ಹೊತ್ತು ಕೆಮ್ಮು.

ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.
"ತೊಂಬತ್ತರದು," ಅಂದ.
"ಹೆಲ್ಸಿಂಕಿಯಿಂದ ನನ್ನ ಷಡ್ಡಕ ಕ್ಯಾಮೆರಾ ತಂದಿದ್ದ.
ನಾನು ಮುರ್ಮಾನ್ಸ್ಕಿನಾಚೆ ಮೀನಿನ ಹಡಗಿನಲ್ಲಿದ್ದೆ.
ಬಂದಮೇಲೆ ನೋಡಿದೆ, ನಮ್ಮ ಟಿವಿಯಲ್ಲಿ."

ನಿಮ್ಮ ಟಿವಿ! ಅದು ಸೆಕಾಮ್, ಷಡ್ಡಕನದು ಪಾಲ್.
ಪಾಲ್ ಪ್ಲೇಟು ಕೂರಿಸಲು ಆಗ ಯಾರ ಬಳಿ ದುಡ್ಡಿತ್ತು,
ನಮ್ಮಪ್ಪನೂ ಸಾಲ ಮಾಡಿಯೇ ಕೂರಿಸಿದ್ದು.
ಬಣ್ಣ ಇಳಿದುಹೋಗಿರುತ್ತದೆ.
ದನಿಯೂ ಬಂದಿರಲಾರದು, ಅದರ ದಾರಿಯೇ ಬೇರೆ.
"ಬಂದಿರಲಿಲ್ಲ," ಅಂದ. "ಟೇಪೇ ಮೂಕ ಅಂದುಕೊಂಡೆವು."

ಹಾಕಿದೆ.
ಮೊದಲು ಹಿಮ ಕವಿದ ಹಾಗೆ ಗೀರು, ಆಮೇಲೆ ಅಂಗಳ,
ಒಣಗಲು ಹಾಕಿದ ಗಂಬಳಿ, ಅದರ ಪಕ್ಕ ಅವಳು,
ತಂಗಿಯದೇ ಕೋಟು ಎರವಲು ತೊಟ್ಟು
ಅತ್ತಿತ್ತ ತಿರುಗಿ ತೋರಿಸುತ್ತಾಳೆ.
ಹಸಿರು.
ಪಾಚಿಯದಲ್ಲ, ಎಳೆ ಬಟಾಣಿಯ ಹಸಿರು.

"ಬೂದು ಅಂತಲೇ ಇದ್ದೆ ನಾನು," ಅಂದ ಹೆಲ್ದುರ್,
"ಮೂವತ್ತು ವರ್ಷ. ಅವಳ ಮುಂದೆಯೂ ಅಂದಿದ್ದೇನೆ.
ಅವಳು ತಿದ್ದಲಿಲ್ಲ."

ಆಗ ಅವಳು ಮಾತಾಡಿದಳು, ಸ್ವಲ್ಪ ಗದರಿಕೆಯ ದನಿ:
"ಸಾಕು, ನಿಲ್ಲಿಸಿ. ಟೇಪು ದುಬಾರಿ."

ಅಷ್ಟರಲ್ಲಿ ಕ್ಯಾಮೆರಾ ಕೆಮ್ಮಿತು.
ಹೆಬ್ಬೆರಳಿನಿಂದ ಅದರ ಮುಚ್ಚಳ ಅದುಮಿದೆ,
ಉಳಿದ ನಲವತ್ತು ಸೆಕೆಂಡೂ
ಅದುಮಿಯೇ ಹಿಡಿದಿದ್ದೆ.