ಜುಲೈ ತಿಂಗಳ ಖಾಲಿ ಚೌಕ

ಮೂರನೆಯ ತಾಣ, ಜುಲೈ: ಖಾಲಿ.
ಆ ವಾರ ಕಾಳಿ ಕೆಂಪಗೆ ಉಕ್ಕಿ
ದೋಣಿ ಬಿಡಲಿಲ್ಲ ಉಲ್ಲಾಸ ತಾಂಡೇಲ.
ಸರ್ ಅಂದರು: ಜೂನಿಗೂ ಆಗಸ್ಟಿಗೂ ನಡುವೆ
ಒಂದು ಸರಾಸರಿ ಇಟ್ಟುಬಿಡು,
ಯಾರು ಮುಳುಗಿ ನೋಡುತ್ತಾರೆ?

ಕೋಡಿಬಾಗದ ಈ ಬಾಡಿಗೆ ಕೋಣೆಯಲ್ಲಿ
ಹನ್ನೊಂದನೆಯ ಕರಡು.
'ಸಾಬೀತಾಗಿದೆ' ಹೊಡೆದು 'ಅನಿಸುತ್ತದೆ' ಎಂದೆ,
ಅದನ್ನೂ ಹೊಡೆದು 'ಕಂಡುಬಂದಿದೆ'.
ಎರಡು ವರ್ಷದ ಕೆಸರು
ಒಂದು ಕ್ರಿಯಾಪದದ ಮೇಲೆ ನಿಲ್ಲಬೇಕು.

ಬಳಚು ಎಲ್ಲಿ ಸತ್ತಿದೆ, ಎಲ್ಲಿ ಉಸಿರಾಡುತ್ತಿದೆ,
ಹಿಮ್ಮಡಿಯಲ್ಲೇ ಹೇಳುತ್ತಿದ್ದವಳು ಬುದವಂತಿ ಹರಿಕಂತ್ರ.
ನನ್ನ ಜಾಲರಿ ಆಮೇಲೆ ಹೌದೆನ್ನುತ್ತಿತ್ತು.
ಲೇಖಕರ ಸಾಲಲ್ಲಿ ನಿನ್ನ ಹೆಸರೂ ಹಾಕಲೇ ಎಂದರೆ
ಮೀನು ಹೆಚ್ಚುತ್ತಲೇ ಕೇಳಿದಳು:
"ತಪ್ಪಾದ್ರೆ ಯಾರನ್ನ ಹಿಡೀತಾರೆ?"
ನಮ್ಮನ್ನ, ಎಲ್ಲರನ್ನೂ.
"ಹಂಗಾರೆ ಮೊದಲು ಓದಿ ಹೇಳು."

ಓದಿದೆ. ಕನ್ನಡದಲ್ಲಿ, ಅರ್ಧ ಕೊಂಕಣಿಯಲ್ಲಿ.
ನಾಲ್ಕನೆಯ ಕೋಷ್ಟಕಕ್ಕೆ ತಲೆ ಅಲ್ಲಾಡಿಸಿದಳು:
"ಸೇತುವೆ ಬುಡದಲ್ಲಿ ಇಷ್ಟಿಲ್ಲ. ಮತ್ತೆ ಎಣಿಸು."
ಎಣಿಸಿದೆ. ಒಂದು ಸೊನ್ನೆ ಹೆಚ್ಚಿತ್ತು.

ಈಗ ಅರ್ಜಿ ಕೇಳುತ್ತಿದೆ ಆಕೆಯ ಇಮೇಲ್, ಸಂಸ್ಥೆ, ಹುದ್ದೆ,
ಕೆಂಪು ನಕ್ಷತ್ರ ಹಾಕಿ; ತುಂಬದೆ ಮುಂದೆ ಹೋಗದು.
ಸಂಪಾದಕರಿಗೆ ಬೇರೆ ಪತ್ರ ಬರೆಯಬೇಕು.
ಸರ್‌ಗೂ ಒಂದು. ಅದು ಇದಕ್ಕಿಂತ ಕಷ್ಟ.

ಜುಲೈ ಖಾಲಿಯೇ ಇದೆ. ಕೆಳಗೆ ಸಣ್ಣಕ್ಷರದಲ್ಲಿ:
ಪ್ರವಾಹ. ಮಾದರಿ ಸಂಗ್ರಹಿಸಿಲ್ಲ.

ಲ್ಯಾಪ್‌ಟಾಪಿನಲ್ಲಿ ಇನ್ನು ಹನ್ನೆರಡು ಶೇಕಡಾ ಜೀವ.
ಹೊರಗೆ ಇಳಿತ ಶುರುವಾಗಿದೆ,
ಬುದವಂತಿ ಈಗ ಬುಟ್ಟಿ ಹುಡುಕುತ್ತಿರುತ್ತಾಳೆ.