ನಡೀಲಾರದ ನೋಟು

ಮೂರು ತಿಂಗಳಿಂದ ನನ್ನ ಡಬ್ಬಿಯೊಳಗಿತ್ತು ಅದು,
ನಡು ಹರಿದು ಟೇಪು ಹಚ್ಚಿಸಿಕೊಂಡ ಹತ್ತರ ನೋಟು.
ಹಾಲಿನವ ಒಲ್ಲೆ ಅಂದ. ಕಂಡಕ್ಟರ್ ಮುಟ್ಟಲಿಲ್ಲ.
ಹುಂಡಿಗೆ ಹಾಕಬೇಕಂದರ
ದೇವರಿಗೂ ಯಾಕ ಮೋಸ, ಅಂತ ಬಿಟ್ಟೆ.

ಬೆಟಗೇರಿಯ ಈ ಓಣ್ಯಾಗ
ನನ್ನ ಬಾಜೂಕ ರಾಜೇಸಾಬನ ಸ್ಕ್ರೀನ್ ಪ್ರಿಂಟಿಂಗ್.
ಲಗ್ನಪತ್ರ, ಕೈಚೀಲ, ಜವಳಿ ಅಂಗಡಿ ಕ್ಯಾಲೆಂಡರು.
"ಅಕ್ಕಾ, ಒಂದಿನದ ಮಟ್ಟಿಗೆ ಕೊಡು" ಅಂದು ಒಯ್ದ.
ಒಯ್ದು, ಬಾಗಲದಷ್ಟು ದೊಡ್ಡದು ಮಾಡಿದ.
ಲಗ್ನಪತ್ರಕ್ಕ ಕಲಸಿ ಉಳಿದ ಗುಲಾಬಿ, ಗಿಳಿಹಸಿರು;
ಟೇಪಿಗೆ ಬಂಗಾರದ ಶಾಯಿ, ಗಣಪತಿಗಂತ ಇಟ್ಟಿದ್ದು.
ಹತ್ತೇ ಹತ್ತು ಹಾಳಿ. ಕೆಳಗ ಪೆನ್ಸಿಲ್ಲಿನ ನಂಬರು.
ನನಗ ನಗಿ ಬಂತು:
ನೋಟಿಗೆ ನಂಬರು ಮೊದಲ ಇರತದಲ್ಲ?
ಸಂಜೀಕ ಅದು ಹೊಳ್ಳಿ ಡಬ್ಬಿಗೆ ಬಂತು.

ಹುಬ್ಬಳ್ಳಿಯಿಂದ ಅಂದಾನೆಪ್ಪ ಸಾಹುಕಾರ್ರು ಬಂದರು,
ಹಳೇ ನಾಣ್ಯ, ತಪ್ಪಾಗಿ ಅಚ್ಚಾದ ನೋಟು ಕೂಡಿಸೋ ಮಂದಿ.
ಭೂತಗನ್ನಡಿ ಹಿಡಿದು ಹತ್ತೂ ನೋಡಿ
ಏಳನೇದು ಆರಿಸಿದರು. ಅದರಾಗ ಬಣ್ಣ ಸರಿದಿತ್ತು,
ಗುಲಾಬಿ ಗೆರಿ ದಾಟಿ ಹೊರಗ ಬಂದಿತ್ತು.
ರದ್ದಿಗೆ ಹಾಕತೇನಂದಿದ್ದ ರಾಜೇಸಾಬ.
ಎಂಟು ಸಾವಿರ!
ಎಣಿಸುವಾಗ ಅವನ ಬೆರಳು ಹಸಿ ಇದ್ದವು,
ಒಂದೊಂದು ನೋಟಿನ ಮೂಲಿಗೂ ಗುಲಾಬಿ ಹೆಬ್ಬೆಟ್ಟು.

ಆಮ್ಯಾಲೆ ಚಾ ಕುಡಿದರು ಸಾಹುಕಾರ್ರು,
ಸುರುಳಿ ಬಗಲಾಗ ಕೂಸಿನಂಗ ಹಿಡಕೊಂಡು.
ಇಪ್ಪತ್ತು ಕೊಟ್ಟರು. ಚಿಲ್ಲರ ಅದೊಂದ ಇತ್ತು. ಕೊಟ್ಟೆ.
ಬೆಳಕಿಗೆ ಹಿಡಿದರು. ಹೊಳ್ಳಿಸಿದರು.
"ತಂಗೆವ್ವಾ, ಇದು ನಡಿಯೂದಿಲ್ಲ. ಬ್ಯಾರೆ ಕೊಡು."

ಬ್ಯಾರೆ ಇರಲಿಲ್ಲ.
ಇನ್ನೊಂದು ಚಾ ಕುಡಿದು ಹೋದರು.