ದೂರ ಓಡುವವನ ಪರವಾಗಿ

ಇಲ್ಲಿ ಬತ್ತಿದ ಹೊಳೆಗೆ ವಾದಿ ಅನ್ನುತ್ತಾರೆ.
ಹಾಗಾದರೆ ವಲೇರಿಯನ್, ಘಾಲಾದ ಈ ವಾದಿಯಲ್ಲಿ ನಿಂತ
ನಾನೂ ವಾದಿಯೇ; ಕೇಳಿಬಿಡು ನನ್ನ ವಾದ.

ಮತ್ತೊಬ್ಬ ಗಟ್ಟಿ ಕೈಯವನನ್ನು ತರುತ್ತೇನೆ ಅಂತೀಯ.
ಬೇಡ ಮಾರಾಯ. ಕೈಗಳಿವೆ ನಮ್ಮಲ್ಲಿ:
ಮೆಸ್ಸಿನ ಶೆಟ್ಟಿಗಾರ್ ಸುಡುವ ತಪ್ಪಲೆಯನ್ನೇ ಬಿಡದವನು,
ತುಲ್‌ಬೀರ್, ಕೆಳಗಿಂದ ಎಸೆದ ಕ್ಲ್ಯಾಂಪನ್ನು
ಸಾರುವೆಯ ಮೇಲಿಂದಲೇ ಗಾಳಿಯಲ್ಲಿ ಹಿಡಿಯುವವನು.
ನಮಗೆ ಬೇಕಾದ್ದು ಒಂದು ಜೊತೆ ಕಾಲು,
ಎದುರಿನವರನ್ನು ಹೆದರಿಸುವಂಥ ಕಾಲು.

ಕಳೆದ ಚಳಿಗಾಲ ನೌಫಲ್ ಇದ್ದ, ನೆನಪಿದೆಯಾ?
ಎಸಿ ಡಕ್ಟಿನೊಳಗೆ ದಿನವಿಡೀ ತೆವಳುವ ಹುಡುಗ.
ಶುಕ್ರವಾರ ಸಂಜೆ ಬಯಲು ಕಂಡರೆ ಸಾಕು,
ಮಡಚಿಟ್ಟ ಉದ್ದವನ್ನೆಲ್ಲ ಒಮ್ಮೆಗೇ ಬಿಚ್ಚಿದ ಹಾಗೆ ಓಡುತ್ತಿದ್ದ.
ರೊಡೆಲ್ ಶಿಳ್ಳೆ ಹಾಕಿದ್ದೇ ತಡ, ಅಂಚಿನ ಗೆರೆ ಹಿಡಿದು
ನೇರ, ನೇರ, ಆ ಒಡಕು ನೀರಿನ ಟ್ಯಾಂಕಿನ ತನಕ.
ಚೆಂಡು ಅವನಿಗಲ್ಲ. ನನಗೆ ಗೊತ್ತು, ಅವನಿಗೂ ಗೊತ್ತು.
ಗೊತ್ತಿರಲಿಲ್ಲ ಹೈಲ್ ಗ್ಯಾರೇಜಿನವರಿಗೆ ಮಾತ್ರ.
ಇಬ್ಬರು ಅವನ ಬೆನ್ನಿಗೆ, ಮೂರನೆಯವ ಅರ್ಧ ದಾರಿ,
ಕತ್ತು ಹಿಂದಕ್ಕೆ, ಕಾಲು ಮುಂದಕ್ಕೆ.

ನಡುವೆ ಎಷ್ಟು ಜಾಗ!
ನಲವತ್ತಾರರ ಶೆಟ್ಟಿಗಾರ್, ಮಂಡಿಗೆ ಪಟ್ಟಿ ಬಿಗಿದುಕೊಂಡವ,
ಎಲೆ ಹಾಕಿಟ್ಟ ಪಂಕ್ತಿಗೆ ಬಂದ ನೆಂಟನಂತೆ
ಸಾವಕಾಶ ಬಂದು ನಿಂತು, ಚೆಂಡು ಹಿಡಿದು,
ಹತ್ತು ಗಜ ನಡೆದೇ ಹೋಗುತ್ತಿದ್ದ.
ಚಪ್ಪಾಳೆ ಶೆಟ್ಟಿಗಾರನಿಗೆ. ಸರಿಯೇ.
ಟ್ಯಾಂಕಿನ ಬಳಿ ನೌಫಲ್ ಬಗ್ಗಿ ಧೂಳು ಉಗುಳುತ್ತಿದ್ದ.

ಒಮ್ಮೆ ಕೇಳಿದ, ವ್ಯಾನಿನಲ್ಲಿ, ಕಿಟಕಿ ನೋಡುತ್ತ:
"ಅಣ್ಣ, ನನಗೆ ಯಾವಾಗ?"
ನಾನು ಸ್ಟೋರ್ ಕೀಪರ್. ಇಲ್ಲದ ಸಾಮಾನಿಗೂ
ನಾಳೆ ಬನ್ನಿ ಅಂದು ಅಭ್ಯಾಸ. ಹಾಗೇ ಅಂದೆ.
ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ವಲೇರಿಯನ್,
ಬರೀ ಬುಸ್ಸೆನ್ನುವ ಹಾವಿಗೆ ಎಷ್ಟು ದಿನ ದಾರಿ ಬಿಟ್ಟಾರು?
ವರ್ಷಕ್ಕೊಮ್ಮೆಯಾದರೂ ಕಚ್ಚಬೇಕು.

ಮುಂದಿನ ವಾರ ಎಸೆದೆ, ಭುಜ ಕಳಚುವಷ್ಟು ದೂರ.
ಖರ್ಜೂರದ ಹಾಗೆ ಎರಡೂ ತುದಿ ಮೊನಚಾದ ಆ ಚೆಂಡು
ಹೆದ್ದಾರಿ ದೀಪದ ಧೂಳಿನಲ್ಲಿ ಏರಿ, ಮರೆಯಾಗಿ,
ಮತ್ತೆ ಕಂಡಾಗ ಅವನ ಬೆರಳ ತುದಿ ಸವರಿ
ಕಲ್ಲಿಗೆ ಬಿತ್ತು.
ಸಿಗಲಿಲ್ಲ. ನಿನಗೆ ನೆನಪಿರುವುದು ಅಷ್ಟೇ.
ಆದರೆ ಆವತ್ತಿನಿಂದ ಅವರು ಮೂವರನ್ನು ಹಿಂದೆ ನಿಲ್ಲಿಸಿದರು.
ಅವನೂ, ತಪ್ಪಿಸಿಕೊಂಡವನು, ವ್ಯಾನಿನ ತುಂಬ
ಆ ಬೆರಳನ್ನೇ ಎಲ್ಲರಿಗೂ ತೋರಿಸುತ್ತ ಬಂದ.

ಈಗ ದುಕ್ಮ್‌ನಲ್ಲಿದ್ದಾನೆ, ಹೊಸ ಕಾಂಟ್ರಾಕ್ಟು.
ಸುಣ್ಣದ ಗೆರೆ ಅಲ್ಲೇ ಇದೆ, ಟ್ಯಾಂಕೂ.
ಮೈದಾನ ಮಾತ್ರ ತೊಳೆದ ಉಣ್ಣೆ ಬಟ್ಟೆಯಂತೆ ಕುಗ್ಗಿದೆ.
ಎಲ್ಲರೂ ಮೂಗಿಗೆ ಮೂಗು ತಾಗುವ ಹಾಗೆ ನಿಂತಿದ್ದಾರೆ.
ಶೆಟ್ಟಿಗಾರನಿಗೆ ತಿರುಗಲೂ ಎಡೆಯಿಲ್ಲ,
ತುಲ್‌ಬೀರನ ಸೊಂಟದ ಬಟ್ಟೆ
ಹೆಜ್ಜೆ ಇಡುವ ಮೊದಲೇ ಯಾರದೋ ಕೈಯಲ್ಲಿ.

ಹುಡುಕು ಮಾರಾಯ. ಕೈ ಒರಟಿದ್ದರೂ ಅಡ್ಡಿಯಿಲ್ಲ,
ಹತ್ತರಲ್ಲಿ ಒಂಬತ್ತು ಬಿಡಲಿ.
ಟ್ಯಾಂಕಿನ ತನಕ ಓಡಬೇಕು,
ಪ್ರತಿ ಸಲವೂ, ಈ ಸಲ ತನಗೇ ಎಂಬಂತೆ.
ಬೂಟು ನಾನು ಕೊಡಿಸುತ್ತೇನೆ.